ಎಂಜಿನ್ ಕೂಡಿತು, ಕ್ಲಚ್ಚು ಮುನಿಯಿತು

ಹಳೆಯ ಕಾರನ್ನು ಮಮತೆಯಿಂದ ಸಾಕಿಕೊಂಡು ಬಂದ ಮನೆಗಳಲ್ಲಿ ಎಂಜಿನನ್ನು ಇಳಿಸಿ ಮತ್ತೆ ಕೂರಿಸುವುದೆಂದರೆ ಅದೊಂದು ಸಣ್ಣ ಮದುವೆಯಷ್ಟೇ ದೊಡ್ಡ ಕಾರ್ಯ. ಹಣ ಹೊಂದಿಸಬೇಕು, ಒಳ್ಳೆಯ ಮೆಕ್ಯಾನಿಕ್ಕನ್ನು ಹುಡುಕಬೇಕು, ಬಿಡಿಭಾಗಗಳಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ಹೀಗೆಲ್ಲ ಶ್ರಮಪಟ್ಟು ಹೊಸ ರಿಂಗು, ಹೊಸ ಬೇರಿಂಗುಗಳನ್ನು ಹಾಕಿಸಿದ ಎಂಜಿನ್ ಕೊನೆಗೊಂದು ದಿನ ತನ್ನ ಸ್ಥಾನವನ್ನು ಸೇರುತ್ತದೆ. ಕೀಲಿ ತಿರುಗಿಸಿದೊಡನೆ ಗುಟುರು ಹಾಕಿ ಎದ್ದು ನಿಲ್ಲುತ್ತದೆ. ಮನೆಮಂದಿಯ ಮುಖವೆಲ್ಲ ಅರಳುತ್ತದೆ. ಯಜಮಾನರು ಎಡಗಾಲಿನಿಂದ ಕ್ಲಚ್ಚನ್ನು ಒತ್ತಿ ಗೇರಿನ ಹಿಡಿಯನ್ನು ಎಳೆಯುತ್ತಾರೆ. ಹಲ್ಲು ಕಡಿದಂಥ ಕರಕರ ಶಬ್ದ! ಗೇರು ಬೀಳಲೊಲ್ಲದು.

ಅಲ್ಲಿಂದ ದೋಷಾರೋಪಣೆಯ ಸರದಿ ಆರಂಭವಾಗುತ್ತದೆ. ಮಾರಿದವನು ನಕಲಿ ಮಾಲು ಕೊಟ್ಟನೆಂದು ಕೆಲವರು, ಮೆಕ್ಯಾನಿಕ್ಕಿಗೆ ಕೆಲಸವೇ ತಿಳಿಯದೆಂದು ಕೆಲವರು, ಕಾರನ್ನೇ ಮಾರಿಬಿಡುವುದು ಲೇಸೆಂದು ಮತ್ತೆ ಕೆಲವರು. ಕೊನೆಗೆ ಎಲ್ಲರೂ ಸೇರಿ ಮಾಡುವ ತೀರ್ಮಾನವೊಂದೇ: ಎಂಜಿನನ್ನು ಮತ್ತೆ ಇಳಿಸುವುದು. ಹೀಗೆ ಇಳಿಸಿ ನೋಡಿದ ಮೇಲೆ ಒಳಗೆ ಎಲ್ಲವೂ ಸರಿಯಾಗಿಯೇ ಇದ್ದು, ಹೊರಗಿನ ಒಂದು ಕೇಬಲ್ಲು ತನ್ನ ನೆಲೆಯಲ್ಲಿ ಕೂತಿರಲಿಲ್ಲವೆಂದು ತಿಳಿದುಬಂದರೆ ಆಗುವ ವ್ಯಥೆಯನ್ನು ವರ್ಣಿಸಬೇಕಾಗಿಲ್ಲ. ಎರಡು ದಿನಗಳ ಕೂಲಿ, ಮತ್ತೊಮ್ಮೆ ಗ್ಯಾಸ್ಕೆಟ್ಟು, ಮತ್ತೊಮ್ಮೆ ಆಯಿಲ್ಲು; ಎಲ್ಲಕ್ಕೂ ಮಿಗಿಲಾಗಿ, ನಿರಪರಾಧಿಯಾದ ಒಬ್ಬ ಕೆಲಸಗಾರನ ಮೇಲೆ ಹೊರಿಸಿದ ಅಪವಾದ.

ಉತ್ತರಪಾರದ ಕಾರ್ಖಾನೆಯಿಂದ ಅಂಬಾಸಡರ್ ಕಾರು ಹೊರಬೀಳುವುದು 2014ರಲ್ಲಿ ನಿಂತಿತು. 1983ರ ಕೊನೆಯಲ್ಲಿ ರಸ್ತೆಗೆ ಬಂದ ಮಾರುತಿ 800 ಕೂಡ ಅದೇ ವರ್ಷ ತನ್ನ ಯಾತ್ರೆಯನ್ನು ಮುಗಿಸಿತು. ಫಿಯಟ್ 1100ರ ವಂಶದಲ್ಲಿ ಹುಟ್ಟಿದ ಪದ್ಮಿನಿ ಅವೆರಡಕ್ಕಿಂತ ಬಹಳ ಮೊದಲೇ ವಿರಮಿಸಿತು. ಆದರೂ ತಂದೆಯೋ ತಾತನೋ ಕೊಂಡ ಇಂಥ ಕಾರುಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲದವರು ಇನ್ನೂ ಅನೇಕರಿದ್ದಾರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಮುಂದೆ ಅಂಥವರನ್ನು ಇಂದಿಗೂ ಕಾಣಬಹುದು. ಅವರೆಲ್ಲರೂ ಮನಸ್ಸಿನಲ್ಲಿಡಬೇಕಾದ ಮಾತೊಂದುಂಟು. ಎಂಜಿನನ್ನು ಮರುಜೋಡಣೆ ಮಾಡಿದ ಮರುಗಳಿಗೆಯಲ್ಲಿಯೇ ಕಾಣಿಸಿಕೊಂಡ ಕ್ಲಚ್ಚಿನ ತೊಂದರೆಗೆ ಭಾಗಗಳ ದೋಷಕ್ಕಿಂತ ಮೊದಲು ಜೋಡಣೆಯ ದೋಷವನ್ನೇ ಸಂಶಯಿಸಬೇಕು. ಜೋಡಣೆಯಲ್ಲಿಯೂ ಒಳಗಿನದಕ್ಕಿಂತ ಮೊದಲು ಹೊರಗಿನದನ್ನು ಪರೀಕ್ಷಿಸಬೇಕು.

ಒಂದು ಮಿಲಿಮೀಟರಿನ ಸಂಸಾರ

ಕ್ಲಚ್ಚಿನ ಸ್ವರೂಪವನ್ನು ತಿಳಿದರೆ ಈ ಮಾತಿನ ಅರ್ಥ ತಾನಾಗಿಯೇ ಹೊಳೆಯುತ್ತದೆ. ಎಂಜಿನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೆ ಬೋಲ್ಟುಗಳಿಂದ ಬಿಗಿದ ಮುಚ್ಚಳದಂಥ ಕವರಿನೊಳಗೆ ಪ್ರೆಷರ್ ಪ್ಲೇಟ್ ಎಂಬ ಉಂಗುರವೂ ಅದನ್ನು ಅದುಮಿ ಹಿಡಿಯುವ ಸ್ಪ್ರಿಂಗುಗಳೂ ಇವೆ. ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ, ಎರಡು ಬೀಸುಕಲ್ಲುಗಳ ನಡುವಿನ ರೊಟ್ಟಿಯಂತೆ, ಕ್ಲಚ್ ಪ್ಲೇಟ್ ಕೂತಿರುತ್ತದೆ. ಈ ಪ್ಲೇಟಿನ ನಡುವಣ ಗುಂಬದಲ್ಲಿ ಒಳಮುಖವಾದ ಹಲ್ಲುಗಳಿವೆ. ಗೇರ್ ಬಾಕ್ಸಿನಿಂದ ಮುಂದಕ್ಕೆ ಚಾಚಿದ ಶಾಫ್ಟಿನ ಹಲ್ಲುಗಳು ಅದರೊಳಗೆ ಸರಿಯಾಗಿ ಹೊಕ್ಕು ನಿಲ್ಲುತ್ತವೆ. ಕಾಲನ್ನು ತೆಗೆದಾಗ ಸ್ಪ್ರಿಂಗು ಪ್ಲೇಟನ್ನು ಅದುಮುವುದರಿಂದ ಎಂಜಿನಿನ ಬಲ ಚಕ್ರಗಳಿಗೆ ಹರಿಯುತ್ತದೆ. ಪೆಡಲ್ಲನ್ನು ಒತ್ತಿದಾಗ ಫೋರ್ಕ್ ಎಂಬ ಕವಲು ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಸ್ಪ್ರಿಂಗಿನ ಹಿಡಿತ ಸಡಿಲಿ ಪ್ಲೇಟು ಬಿಡುಗಡೆ ಹೊಂದುತ್ತದೆ.

ಇಲ್ಲಿ ಗಮನಿಸಬೇಕಾದುದು ಅಳತೆಯ ಸಂಗತಿ. ಪೆಡಲ್ಲು ಕಾಲಿನ ಕೆಳಗೆ ನಾಲ್ಕೈದು ಅಂಗುಲ ಚಲಿಸುತ್ತದೆ. ಆ ಚಲನೆ ಲಿವರಿನಿಂದ ಲಿವರಿಗೆ ಸಾಗಿ, ಬಲವನ್ನು ಹೆಚ್ಚಿಸಿಕೊಳ್ಳುತ್ತ, ದೂರವನ್ನು ಕಳೆದುಕೊಳ್ಳುತ್ತ ಬಂದು, ಕೊನೆಗೆ ಪ್ರೆಷರ್ ಪ್ಲೇಟನ್ನು ಹಿಂದಕ್ಕೆ ಸರಿಸುವುದು ಕೇವಲ ಒಂದೆರಡು ಮಿಲಿಮೀಟರುಗಳಷ್ಟು ಮಾತ್ರ. ಅದರಲ್ಲಿಯೂ ಪ್ಲೇಟಿನ ಎರಡು ಮಗ್ಗುಲಿಗೆ ಹಂಚಿದರೆ ಒಂದೊಂದು ಕಡೆಗೆ ದೊರೆಯುವ ಎಡೆ ಒಂದು ಮಿಲಿಮೀಟರಿನ ಆಸುಪಾಸು. ಕ್ಲಚ್ಚಿನ ಸಂಸಾರವೆಲ್ಲ ಈ ಕೂದಲೆಳೆಯ ಎಡೆಯಲ್ಲಿಯೇ ನಡೆಯಬೇಕು. ಹೊರಗಿನ ಕೇಬಲ್ಲು ಅರ್ಧ ಅಂಗುಲ ಸಡಿಲವಾದರೂ ಸಾಕು, ಒಳಗಿನ ಪ್ಲೇಟು ತುಸು ಬಾಗಿದರೂ ಸಾಕು, ಬಿಡುಗಡೆ ಅಪೂರ್ಣವಾಗುತ್ತದೆ. ಎರಡಕ್ಕೂ ಫಲ ಒಂದೇ, ಗೇರಿನ ಕರಕರ. ಆದರೆ ಮೊದಲನೆಯದಕ್ಕೆ ಪರಿಹಾರ ಹತ್ತು ನಿಮಿಷದ್ದು, ಎರಡನೆಯದಕ್ಕೆ ಎರಡು ದಿನದ್ದು.

ಕೂಡಿಸುವಾಗಿನ ಎಚ್ಚರಿಕೆ

ರೋಗಕ್ಕೆ ಮದ್ದು ಹುಡುಕುವುದಕ್ಕಿಂತ ರೋಗ ಬಾರದಂತೆ ನೋಡಿಕೊಳ್ಳುವುದು ಜಾಣತನ. ಕ್ಲಚ್ ಪ್ಲೇಟಿಗೆ ಮುಂಬದಿ ಹಿಂಬದಿಗಳುಂಟು. ಸಾಮಾನ್ಯವಾಗಿ ಅದರ ಗುಂಬವು ಹೆಚ್ಚು ಉಬ್ಬಿದ ಮಗ್ಗುಲು ಗೇರ್ ಬಾಕ್ಸಿನ ಕಡೆಗಿರಬೇಕು. ಅನೇಕ ಪ್ಲೇಟುಗಳ ಮೇಲೆ ಯಾವ ಮಗ್ಗುಲು ಫ್ಲೈವೀಲಿಗೆ ಎಂಬುದನ್ನು ಅಚ್ಚೊತ್ತಿಯೇ ಇರುತ್ತಾರೆ. ತಿರುವುಮುರುವಾಗಿ ಹಾಕಿದರೆ ಗುಂಬವು ಫ್ಲೈವೀಲಿನ ಬೋಲ್ಟುಗಳಿಗೆ ತಾಗಿ, ಎಷ್ಟು ಒತ್ತಿದರೂ ಕ್ಲಚ್ಚು ಬಿಡದು. ಹೊರಗಿನಿಂದ ಕಾಣದ, ಎಂಜಿನ್ ಇಳಿಸದೆ ತಿದ್ದಲಾಗದ ತಪ್ಪು ಇದು. ಆದುದರಿಂದ ಕವರನ್ನು ಬಿಗಿಯುವ ಮುನ್ನ ಇಬ್ಬರು ನೋಡಿ ಒಪ್ಪಬೇಕು.

ಎರಡನೆಯದು ಪ್ಲೇಟನ್ನು ನಡುಮಧ್ಯದಲ್ಲಿ ನಿಲ್ಲಿಸುವುದು. ಕವರನ್ನು ಬಿಗಿದ ಮೇಲೆ ಪ್ಲೇಟು ಎಲ್ಲಿ ನಿಂತಿದೆಯೋ ಅಲ್ಲಿಯೇ ಸೆರೆಯಾಗುತ್ತದೆ. ಅದು ತುಸು ಕೆಳಕ್ಕೆ ಜಾರಿ ನಿಂತಿದ್ದರೂ ಗೇರ್ ಬಾಕ್ಸಿನ ಶಾಫ್ಟು ಅದರ ಮೂಲಕ ಹಾದು ಹಿಂದಿನ ಬುಷ್ಷನ್ನು ಮುಟ್ಟಲಾರದು. ಇದಕ್ಕಾಗಿಯೇ ಸುಳ್ಳು ಶಾಫ್ಟೊಂದು ದೊರೆಯುತ್ತದೆ. ಹಾಳಾದ ಗೇರ್ ಬಾಕ್ಸಿನಿಂದ ಕಿತ್ತ ಹಳೆಯ ಶಾಫ್ಟು ಇನ್ನೂ ಉತ್ತಮ. ಏನೂ ಇಲ್ಲದಿದ್ದರೆ ಮರದ ಗೂಟವೊಂದನ್ನು ಎರಡು ತೂತಿನ ಅಳತೆಗೂ ಸರಿಹೊಂದುವಂತೆ ಕೆತ್ತಿಕೊಳ್ಳುವವರುಂಟು. ಅದು ಸ್ಥಾನದಲ್ಲಿರುವಾಗಲೇ ಕವರಿನ ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದನ್ನೂ ಒಂದೆರಡು ಸುತ್ತಿನಂತೆ, ಸಮನಾಗಿ ಬಿಗಿಯುತ್ತ ಹೋಗಬೇಕು. ಒಂದೇ ಕಡೆಯ ಬೋಲ್ಟನ್ನು ಪೂರ್ತಿ ಬಿಗಿದರೆ ಕವರು ಸೊಟ್ಟಗಾಗುತ್ತದೆ. ಆ ಸೊಟ್ಟು ಮುಂದೆ ಕಾರು ಹೊರಡುವಾಗಲೆಲ್ಲ ನಡುಕವಾಗಿ ಕಾಣಿಸಿಕೊಳ್ಳುತ್ತದೆ.

ಬಳಿಕ ಎಂಜಿನ್ ಮತ್ತು ಗೇರ್ ಬಾಕ್ಸುಗಳ ಮಿಲನ. ಎಲ್ಲವೂ ನೆಟ್ಟಗೆ ನಡೆದು, ಕೊನೆಯ ಒಂದು ಅಂಗುಲ ಮಾತ್ರ ಕೂಡದೆ ನಿಲ್ಲುವುದು ಬಹಳ ಸಾಮಾನ್ಯ. ಆಗ ಮನುಷ್ಯನ ಸಹನೆಯ ಪರೀಕ್ಷೆಯಾಗುತ್ತದೆ. ಉದ್ದನೆಯ ಬೋಲ್ಟುಗಳನ್ನು ತೂರಿಸಿ ಪಾನಾ ಹಾಕಿ ಎಳೆದುಬಿಡೋಣವೆಂಬ ಆಸೆ ಹುಟ್ಟುತ್ತದೆ. ಈ ಆಸೆಗೆ ಬಲಿಯಾದ ಗೇರ್ ಬಾಕ್ಸುಗಳ ಲೆಕ್ಕವಿಲ್ಲ. ಸರಿಯಾಗಿ ಎದುರುಬದುರಾದ ಎಂಜಿನ್ ಮತ್ತು ಗೇರ್ ಬಾಕ್ಸು ಕೈಯ ಬಲದಿಂದಲೇ ಕೂಡಿಕೊಳ್ಳಬೇಕು. ಬೋಲ್ಟುಗಳ ಕೆಲಸ ಹಿಡಿದಿಡುವುದು, ಎಳೆದು ತರುವುದಲ್ಲ. ಬಲಾತ್ಕಾರದಿಂದ ಎಳೆದರೆ ಎರಕದ ಗಂಟೆಯಾಕಾರದ ಚಿಪ್ಪು ಬಿರಿಯುತ್ತದೆ, ಇಲ್ಲವೆ ಪ್ಲೇಟಿನ ಗುಂಬ ಬಾಗುತ್ತದೆ.

ಕೂಡದಿರುವುದಕ್ಕೆ ಕಾರಣಗಳು ಮೂರು ನಾಲ್ಕು ಮಾತ್ರ. ಪ್ಲೇಟು ಮಧ್ಯದಲ್ಲಿಲ್ಲದಿರಬಹುದು, ಶಾಫ್ಟಿನ ಹಲ್ಲು ಗುಂಬದ ಹಲ್ಲಿಗೆ ಎದುರಾಗಿ ನಿಂತಿರಬಹುದು, ಎಂಜಿನ್ ಒಂದು ಕಡೆಗೆ ವಾಲಿರಬಹುದು, ಎರಡರ ನಡುವೆ ವೈರೋ ಬ್ರಾಕೆಟ್ಟೋ ಸಿಕ್ಕಿಕೊಂಡಿರಬಹುದು. ಎರಡರ ನಡುವಣ ಸಂದನ್ನು ಸುತ್ತಲೂ ಬೆರಳಿನಿಂದ ಮುಟ್ಟಿ ನೋಡಿದರೆ ವಾಲಿಕೆ ತಿಳಿಯುತ್ತದೆ. ಮೇಲೆ ಹೆಚ್ಚು, ಕೆಳಗೆ ಕಡಿಮೆಯಿದ್ದರೆ ಜಾಕನ್ನು ತುಸು ಏರಿಸುವುದೋ ಇಳಿಸುವುದೋ ಮಾಡಬೇಕು. ಹಲ್ಲು ಎದುರಾಗಿದ್ದರೆ ಗೇರೊಂದನ್ನು ಹಾಕಿ, ಎಂಜಿನಿನ ಮುಂದಿನ ಪುಲ್ಲಿಯನ್ನು ಪಾನಾದಿಂದ ಮೆಲ್ಲನೆ ತಿರುಗಿಸಬೇಕು. ಹಲ್ಲಿಗೆ ಹಲ್ಲು ಹೊಂದಿದ ಕ್ಷಣದಲ್ಲಿ ಎಂಜಿನ್ ತಾನಾಗಿಯೇ ಜಾರಿ ಒಳಸೇರುವುದನ್ನು ಕಂಡವರು ಆ ಸುಖವನ್ನು ಮರೆಯಲಾರರು. ಅಲ್ಲಿಯವರೆಗೆ ಭಾರವೆಲ್ಲವನ್ನೂ ಜಾಕು ಮತ್ತು ಸರಪಳಿಯೇ ಹೊತ್ತಿರಬೇಕು. ಅರ್ಧ ಕೂಡಿದ ಸ್ಥಿತಿಯಲ್ಲಿ ಕಾಫಿಗೆಂದು ಎದ್ದುಹೋಗಿ, ಆ ಭಾರವನ್ನು ಪ್ಲೇಟಿನ ಗುಂಬದ ಮೇಲೆ ತೂಗುಬಿಟ್ಟರೆ, ಹೊಸ ಪ್ಲೇಟು ಕಾರನ್ನು ಒಂದು ಗಜವೂ ಎಳೆಯುವ ಮೊದಲೇ ಬಾಗಿರುತ್ತದೆ.

ಹೊರಗೋ, ಒಳಗೋ?

ಇಷ್ಟೆಲ್ಲ ಎಚ್ಚರಿಕೆ ವಹಿಸಿಯೂ ಗೇರು ಕರಕರಗುಟ್ಟಿತೆನ್ನೋಣ. ಆಗ ಮಾಡಬೇಕಾದ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನನ್ನು ನಿಲ್ಲಿಸಿ, ಮನೆಯವರೊಬ್ಬರನ್ನು ಪೆಡಲ್ಲಿನ ಬಳಿ ಕೂರಿಸಿ, ಇನ್ನೊಬ್ಬರು ಗೇರ್ ಬಾಕ್ಸಿನ ಮಗ್ಗುಲಲ್ಲಿ ಹೊರಗೆ ಕಾಣುವ ಕ್ಲಚ್ಚಿನ ಲಿವರನ್ನು ನೋಡಬೇಕು. ಪೆಡಲ್ಲನ್ನು ತಳಮುಟ್ಟ ಒತ್ತಿದಾಗ ಆ ಲಿವರಿನ ತುದಿ ಎಷ್ಟು ದೂರ ಸರಿಯುತ್ತದೆಂಬುದೇ ಇಡೀ ವ್ಯಾಜ್ಯದ ಮುಖ್ಯ ಸಾಕ್ಷಿ. ಪೂರ್ತಿ ಸರಿದರೆ ಹೊರಗಿನದು ನಿರ್ದೋಷಿ, ದೋಷ ಒಳಗಿದೆ. ಅರ್ಧಂಬರ್ಧ ಸರಿದರೆ ಎಂಜಿನನ್ನು ಮುಟ್ಟಲೇಬಾರದು, ದೋಷ ಹೊರಗಿದೆ. ಪೂರ್ತಿಯೆಂದರೆ ಎಷ್ಟು ಎಂಬುದು ಕಾರಿನಿಂದ ಕಾರಿಗೆ ಬೇರೆ. ಎಂಜಿನನ್ನು ಇಳಿಸುವ ಮೊದಲೇ, ಕ್ಲಚ್ಚು ಸರಿಯಾಗಿದ್ದಾಗಲೇ, ಈ ಅಳತೆಯನ್ನು ತೆಗೆದು ಗೋಡೆಯ ಪಂಚಾಂಗದ ಮೂಲೆಯಲ್ಲಿ ಗುರುತಿಟ್ಟುಕೊಂಡ ಗೃಹಸ್ಥನೇ ಬುದ್ಧಿವಂತ.

ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಬಹುದು. ನಿವೃತ್ತರಾದ ರಾಯರೊಬ್ಬರ ಅಂಗಳ. ಮೆಕ್ಯಾನಿಕ್ ಬೆವರೊರಸಿಕೊಳ್ಳುತ್ತ, "ಸಾರ್, ಇನ್ನೊಂದ್ಸಲ ಎಂಜಿನ್ ಇಳಿಸದೆ ಗತಿಯಿಲ್ಲ" ಎನ್ನುತ್ತಾನೆ. ರಾಯರು, "ಇಳಿಸೋಣವಯ್ಯ, ಅದಕ್ಕೆ ಮುಂಚೆ ಆ ಲಿವರ್ ಎಷ್ಟು ಸರಿಯುತ್ತೆ ನೋಡಿಬಿಡು" ಎಂದು ಮಡದಿಯನ್ನು ಕರೆಯುತ್ತಾರೆ. ಆಕೆ ಸೆರಗು ಸಿಕ್ಕಿಸಿಕೊಂಡು ಕೂತು ಪೆಡಲ್ ಒತ್ತಿ, "ಹೀಗೇ ಇನ್ನೆಷ್ಟು ಹೊತ್ತು ಒತ್ತಿಕೊಂಡಿರಬೇಕು? ಒಲೆ ಮೇಲೆ ಹಾಲಿದೆ" ಎನ್ನುತ್ತಾರೆ. ಕೆಳಗೆ ಮಲಗಿದ ಮೆಕ್ಯಾನಿಕ್ಕಿನ ದನಿ ಕೇಳಿಬರುತ್ತದೆ: "ಅಮ್ಮಾ, ಇನ್ನೊಂದ್ಸಲ ಒತ್ತಿ... ಅಯ್ಯೋ ಸಾರ್, ಕೇಬಲ್ಲಿನ ಹೊರಗಿನ ಕೊಳವೆ ಬ್ರಾಕೆಟ್ಟಿನಲ್ಲಿ ಕೂತೇ ಇಲ್ಲ!" ಹಾಲು ಉಕ್ಕುವ ಮೊದಲೇ ರೋಗ ಪತ್ತೆಯಾಯಿತು.

ಮಾರುತಿ 800ರಂತೆ ಕೇಬಲ್ಲಿನಿಂದ ಕ್ಲಚ್ಚು ನಡೆಯುವ ಕಾರುಗಳಲ್ಲಿ ನೋಡಬೇಕಾದುದು ಇದನ್ನೇ: ಹೊರಕೊಳವೆಯ ಎರಡು ತುದಿಗಳೂ ತಮ್ಮ ನೆಲೆಯಲ್ಲಿ ಕೂತಿವೆಯೆ, ಕೇಬಲ್ಲು ಎಲ್ಲಿಯಾದರೂ ಸೊಟ್ಟಗೆ ಮಡಿಸಿಕೊಂಡಿದೆಯೆ, ಹೊಂದಾಣಿಕೆಯ ನಟ್ಟು ಅತಿಯಾಗಿ ಸಡಿಲವಾಗಿದೆಯೆ ಎಂದು. ಪೆಡಲ್ಲು ಬೇರಿಂಗನ್ನು ಮುಟ್ಟುವ ಮೊದಲು ತುಸು ಸುಮ್ಮನೆ ಚಲಿಸುವುದುಂಟು; ಅದನ್ನು ಪ್ಲೇ ಎನ್ನುತ್ತಾರೆ. ಅದು ಅತಿಯಾದರೆ ಕ್ಲಚ್ಚು ಪೂರ್ತಿ ಬಿಡದು, ಇಲ್ಲವೇ ಇಲ್ಲವಾದರೆ ಪೂರ್ತಿ ಹಿಡಿಯದು.

ದ್ರವದ ಒತ್ತಡದಿಂದ ನಡೆಯುವ ಕ್ಲಚ್ಚುಗಳಲ್ಲಿ ಗಾಳಿಯೇ ಮುಖ್ಯ ಶತ್ರು. ಮೊದಲ ಸಲ ಒತ್ತಿದಾಗ ಗೇರು ಬೀಳದೆ, ನಾಲ್ಕಾರು ಸಲ ಬೇಗಬೇಗ ಒತ್ತಿದ ಮೇಲೆ ಬಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದೇ ಭಾವಿಸಬೇಕು. ಅದನ್ನು ಹೊರಗೆ ಹಾಕಿಸಿದರೆ ಸಾಕು. ಎಂಜಿನ್ ಹೊರಗಿದ್ದಾಗ ಮನೆಯ ಮಕ್ಕಳು ಚಾಲಕನ ಸ್ಥಾನದಲ್ಲಿ ಕೂತು ಪೆಡಲ್ಲನ್ನು ಒತ್ತಿ ಆಟವಾಡಿದರೆ, ತೂಗುಬಿಟ್ಟ ಕೆಳಗಿನ ಸಿಲಿಂಡರಿನ ಪಿಸ್ಟನ್ನು ಹೊರಕ್ಕೆ ಹಾರಿ, ದ್ರವವೆಲ್ಲ ಚೆಲ್ಲಿಹೋಗುವುದೂ ಉಂಟು. ಇಂಥ ಕ್ಲಚ್ಚಿಗೆ ಬ್ರೇಕಿನ ದ್ರವವನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರಿನ ಸೀಲುಗಳು ಊದಿಕೊಂಡು ಕೆಟ್ಟುಹೋಗುತ್ತವೆ. ಬ್ರೇಕಿನ ದ್ರವವು ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ಕಿತ್ತುಹಾಕುತ್ತದೆಂಬುದೂ ನೆನಪಿರಲಿ.

ಒಳಗಿನ ರೋಗಗಳು

ಲಿವರು ಪೂರ್ತಿ ಸರಿಯುತ್ತಿದೆ, ಆದರೂ ಗೇರು ಬೀಳದೆಂದಾದರೆ ವಿಚಾರಣೆ ಒಳಕ್ಕೆ ಹೋಗಬೇಕು. ಅಲ್ಲಿಯೂ ಆತುರ ಸಲ್ಲದು. ಹೊಸದಾಗಿ ಕಟ್ಟಿದ ಎಂಜಿನ್ ನಿಂತಲ್ಲಿಯೇ ಅತಿ ವೇಗವಾಗಿ ತಿರುಗುವಂತೆ ಹೊಂದಿಸಿದ್ದರೆ ಅದರಿಂದಲೂ ಗೇರು ಕರಕರಗುಟ್ಟುತ್ತದೆ. ಮೊದಲು ಆ ವೇಗವನ್ನು ತಗ್ಗಿಸಬೇಕು. ಬಳಿಕ ಪೆಡಲ್ಲನ್ನು ಪೂರ್ತಿ ಒತ್ತಿ, ಹತ್ತು ಸೆಕೆಂಡು ತಡೆದು, ಹಿಮ್ಮುಖದ ಗೇರನ್ನು ಹಾಕಿ ನೋಡಬೇಕು. ತಡೆದಾಗ ಸದ್ದಿಲ್ಲದೆ ಬಿದ್ದರೆ ಪ್ಲೇಟು ಬಿಡುಗಡೆ ಹೊಂದುತ್ತಿದೆ. ಗೇರುಗಳು ತಿರುಗುವುದು ನಿಲ್ಲಲು ತುಸು ವೇಳೆ ಬೇಕಾಗಿತ್ತು, ಅಷ್ಟೆ. ಎಷ್ಟು ತಡೆದರೂ ಕರಕರವೇ ಆದರೆ ಪ್ಲೇಟು ಎಲ್ಲಿಯೋ ಅಂಟಿಕೊಂಡು ತಿರುಗುತ್ತಿದೆಯೆಂದರ್ಥ.

ಹಾಗೆ ತಿರುಗುವುದಕ್ಕೆ ತಿರುವುಮುರುವಾದ ಪ್ಲೇಟು, ಬಾಗಿದ ಗುಂಬ, ಆಧಾರದಿಂದ ಜಾರಿದ ಫೋರ್ಕ್ ಇವು ಕಾರಣಗಳು. ಇನ್ನೊಂದು ಸೂಕ್ಷ್ಮ ಕಾರಣ ಶಾಫ್ಟಿನ ತುದಿಯನ್ನು ಹೊರುವ ಚಿಕ್ಕ ಬುಷ್ಷು. ಸಂದುಸಂದಿನಲ್ಲಿ ಎಣ್ಣೆ ಹೀರಿಕೊಳ್ಳುವ ಕಂಚಿನಿಂದ ಮಾಡಿದ ಬುಷ್ಷುಗಳನ್ನು ಹಾಕುವ ಮುನ್ನ ಎಣ್ಣೆಯಲ್ಲಿ ನೆನೆಹಾಕಬೇಕು. ಒಣಗಿದ ಬುಷ್ಷು ಶಾಫ್ಟನ್ನು ಕಚ್ಚಿ ಹಿಡಿದರೆ, ಪ್ಲೇಟು ಬಿಟ್ಟರೂ ಬುಷ್ಷು ಬಿಡದೆ ಶಾಫ್ಟನ್ನು ಎಂಜಿನಿನೊಡನೆ ಸುತ್ತಿಸುತ್ತದೆ. ಅಂಗೈಯಗಲದ ಪ್ಲೇಟನ್ನು ದೂರುವವರಿಗೆ ಬೆರಳಿನ ಗಾತ್ರದ ಈ ಬುಷ್ಷಿನ ನೆನಪೇ ಆಗುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನವರು ಬೇರೊಂದನ್ನು ಅರಿತಿರಬೇಕು. ಮಳೆಗಾಲವೆಲ್ಲ ಕದಲದೆ ನಿಂತ ಕಾರಿನಲ್ಲಿ ಫ್ಲೈವೀಲಿಗೆ ತುಕ್ಕು ಹಿಡಿದು ಪ್ಲೇಟು ಅದಕ್ಕೆ ಅಂಟಿಕೊಳ್ಳುತ್ತದೆ. ಕಾರನ್ನು ಬಹುಕಾಲ ನಿಲ್ಲಿಸಬೇಕಾದಾಗ ಪೆಡಲ್ಲನ್ನು ಒತ್ತಿ, ಆಸನಕ್ಕೂ ಪೆಡಲ್ಲಿಗೂ ನಡುವೆ ಮರದ ತುಂಡೊಂದನ್ನು ಕೊಟ್ಟಿಟ್ಟರೆ ಪ್ಲೇಟು ಬಿಡುಗಡೆಯಾಗಿಯೇ ಇದ್ದು ಈ ತೊಂದರೆ ತಪ್ಪುತ್ತದೆ.

ಜಾರುವಿಕೆ, ನಡುಕ, ಸದ್ದು

ಕೆಲವು ಕಾರುಗಳಲ್ಲಿ ರೋಗ ಇದಕ್ಕೆ ವಿರುದ್ಧವಾದುದು. ಗೇರು ಸೊಗಸಾಗಿ ಬೀಳುತ್ತದೆ, ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗದು. ಇದು ಜಾರುವಿಕೆ. ಪರೀಕ್ಷೆ ಸುಲಭ. ಮುಂದೆ ಯಾರೂ ಇಲ್ಲದೆಡೆ ಕೈಬ್ರೇಕನ್ನು ಬಲವಾಗಿ ಎಳೆದು, ಮೇಲಿನ ಗೇರನ್ನು ಹಾಕಿ, ಕ್ಲಚ್ಚನ್ನು ಮೆಲ್ಲನೆ ಬಿಟ್ಟರೆ ಎಂಜಿನ್ ನಿಂತುಬಿಡಬೇಕು. ನಿಲ್ಲದೆ ತಿರುಗುತ್ತಿದ್ದರೆ ಪ್ಲೇಟು ಜಾರುತ್ತಿದೆ. ಈ ಪರೀಕ್ಷೆಯನ್ನು ಒಂದೆರಡು ಕ್ಷಣಕ್ಕಿಂತ ಹೆಚ್ಚು ಮಾಡಿದರೆ ಪ್ಲೇಟೇ ಸುಟ್ಟುಹೋದೀತು. ಇಲ್ಲಿಯೂ ಮೊದಲು ನೋಡಬೇಕಾದುದು ಹೊರಗಿನ ಪ್ಲೇಯನ್ನು. ಕೇಬಲ್ಲು ಅತಿ ಬಿಗಿಯಾಗಿದ್ದರೆ ಅದು ಸದಾ ಪೆಡಲ್ಲಿನ ಮೇಲೆ ಕಾಲಿಟ್ಟಂತೆಯೇ. ಅದು ಸರಿಯಿದ್ದರೆ ಜಿಡ್ಡಿನ ಸಂಶಯ ಬರಬೇಕು. ಹೊಸ ಪ್ರೆಷರ್ ಪ್ಲೇಟಿಗೆ ತುಕ್ಕು ಹಿಡಿಯದಂತೆ ಹಚ್ಚಿದ ಎಣ್ಣೆಯನ್ನು ಒರಸದೆ ಹಾಕಿದರೂ, ಶಾಫ್ಟಿನ ಹಲ್ಲಿಗೆ ತೆಳ್ಳಗೆ ಸವರಬೇಕಾದ ಗ್ರೀಸನ್ನು ಬೆಣ್ಣೆಯಂತೆ ಮೆತ್ತಿದರೂ, ಎಂಜಿನಿನ ಹಿಂದಿನ ಸೀಲಿನಿಂದ ಆಯಿಲ್ ಜಿನುಗಿದರೂ ಫಲ ಒಂದೇ. ಜಿಡ್ಡು ತುಸುವೇ ಆದಾಗ ಜಾರುವಿಕೆಗೆ ಬದಲು ಹೊರಡುವಾಗ ನಡುಕ ಕಾಣಿಸಿಕೊಳ್ಳುತ್ತದೆ. ನಡುಕಕ್ಕೆ ಎಂಜಿನನ್ನು ಹೊರುವ ರಬ್ಬರಿನ ಮೌಂಟುಗಳ ಬೋಲ್ಟು ಸಡಿಲವಾಗಿರುವುದೂ ಕಾರಣವಾದೀತು. ಪಾನಾವನ್ನು ಮೊದಲು ಅಲ್ಲಿಗೆ ಒಯ್ಯಬೇಕು.

ಸದ್ದಿಗೂ ಒಂದು ಭಾಷೆಯುಂಟು. ಪೆಡಲ್ಲನ್ನು ಒತ್ತಿದಾಗ ಹುಟ್ಟುವ ಸದ್ದು ಸಾಮಾನ್ಯವಾಗಿ ರಿಲೀಸ್ ಬೇರಿಂಗಿನದು. ಒತ್ತಿದಾಗ ಅಡಗಿ, ಬಿಟ್ಟಾಗ ಏಳುವ ಸದ್ದು ಗೇರ್ ಬಾಕ್ಸಿನ ಮುಂದಿನ ಬೇರಿಂಗಿನದು. ಗೇರು ಹಾಕಿ ಕ್ಲಚ್ಚನ್ನು ಒತ್ತಿಕೊಂಡು ನಿಂತಾಗ ಕೇಳುವ ಕಿರುಚು ಶಾಫ್ಟಿನ ತುದಿಯ ಬುಷ್ಷಿನದೂ ಆಗಿರಬಹುದು. ಕಿವಿಯಿದ್ದವನಿಗೆ ಕಣ್ಣಿಲ್ಲದಿದ್ದರೂ ಅರ್ಧ ರೋಗ ತಿಳಿಯುತ್ತದೆ.

ಕೇಬಲ್ಲಿನ ಕಾರುಗಳಲ್ಲಿ ಎಲ್ಲರನ್ನೂ ದಿಗಿಲುಗೊಳಿಸುವ ವಿಚಿತ್ರವೊಂದುಂಟು. ಸ್ಟಾರ್ಟರನ್ನು ತಿರುಗಿಸಿದಾಗ ಕ್ಲಚ್ಚಿನ ಕೇಬಲ್ಲಿನಿಂದ ಹೊಗೆ ಏಳುತ್ತದೆ. ಮರುದಿನದಿಂದ ಪೆಡಲ್ಲು ಕಲ್ಲಿನಂತೆ ಗಟ್ಟಿ. ಕಾರಣ ಕ್ಲಚ್ಚಿನಲ್ಲಿಯೇ ಇಲ್ಲ. ಎಂಜಿನನ್ನು ಕೂರಿಸಿದವರು ಎಂಜಿನಿಗೂ ಕಾರಿನ ಮೈಗೂ ನಡುವೆ ಕಟ್ಟಬೇಕಾದ ಅರ್ತಿನ ದಪ್ಪ ತಂತಿಯನ್ನು ಮರೆತಿರುತ್ತಾರೆ. ರಬ್ಬರಿನ ಮೇಲೆ ಕೂತ ಎಂಜಿನಿನಿಂದ ಬ್ಯಾಟರಿಗೆ ಮರಳಲು ವಿದ್ಯುತ್ತಿಗೆ ಬೇರೆ ದಾರಿಯಿಲ್ಲದೆ ಅದು ಈ ಕೇಬಲ್ಲನ್ನೇ ಹಿಡಿದು ಹೋಗುತ್ತದೆ. ಹೊಸ ಕೇಬಲ್ಲು ಹಾಕಿದರೆ ಅದೂ ಸುಡುತ್ತದೆ. ಆ ತಂತಿಯನ್ನು ಕಟ್ಟಿದ ಮೇಲೆಯೇ ಶಾಂತಿ.

ಒಂದೇ ಮನೆತನದ ಎರಡು ರೂಪ

ಭಾಗಗಳ ದೋಷವೇ ಇಲ್ಲವೆಂದು ಇದರ ಅರ್ಥವಲ್ಲ. ಭಾಗ ಒಳ್ಳೆಯದಾಗಿದ್ದೂ ಈ ಕಾರಿಗೆ ಸಲ್ಲದ್ದಾಗಿರಬಹುದು. ಇದಕ್ಕೆ ಜರ್ಮನಿಯ ವೋಕ್ಸ್‌ವ್ಯಾಗನ್ ಬೀಟಲ್ ಒಳ್ಳೆಯ ನಿದರ್ಶನ. 2003ರ ಜುಲೈಯಲ್ಲಿ ಮೆಕ್ಸಿಕೋದ ಪ್ವೆಬ್ಲಾದಲ್ಲಿ ಕೊನೆಯ ಬೀಟಲ್ ತಯಾರಾಗುವವರೆಗೆ ಎರಡು ಕೋಟಿಗೂ ಮಿಕ್ಕಿ ನಿರ್ಮಾಣವಾದ ಈ ಕಾರಿನ ಎಂಜಿನ್ ಹಿಂಬದಿಯಲ್ಲಿದ್ದು, ಗೇರ್ ಬಾಕ್ಸಿಗೆ ನಾಲ್ಕೇ ಕಡೆ ಬಿಗಿಯಲ್ಪಟ್ಟಿರುತ್ತದೆ. ಇಳಿಸುವುದು ಸುಲಭವಾದುದರಿಂದ ಬದಲಿಸುವುದೂ ಹೆಚ್ಚು. 1970ರ ದಶಕದ ಆರಂಭದಲ್ಲಿ ಇದರ ರಿಲೀಸ್ ಬೇರಿಂಗಿಗೆ ಮಾರ್ಗದರ್ಶಕ ಕೊಳವೆಯೊಂದನ್ನು ಜೋಡಿಸಿದರು. ಅದಕ್ಕೆ ಮೊದಲಿನ ಪ್ರೆಷರ್ ಪ್ಲೇಟಿನ ನಡುವೆ ಒಂದು ಉಂಗುರವಿತ್ತು, ತರುವಾಯದ್ದರಲ್ಲಿ ಇಲ್ಲ. ಹಳೆಯ ಗೇರ್ ಬಾಕ್ಸಿಗೆ ಹೊಸ ಪ್ಲೇಟು ಅಥವಾ ಹೊಸದಕ್ಕೆ ಹಳೆಯದು ಬೆರೆತರೆ ಎರಡೂ ಉತ್ತಮ ವಸ್ತುಗಳೇ ಆದರೂ ದಾಂಪತ್ಯ ನಡೆಯದು. ಇದೇ ಕಾರಿನ ಪೆಡಲ್ಲಿಗೆ 10ರಿಂದ 20 ಮಿಲಿಮೀಟರಿನಷ್ಟು ಪ್ಲೇ ಇರಬೇಕು. ಕೇಬಲ್ಲಿನ ಹೊರಕೊಳವೆ ನೆಟ್ಟಗಿರದೆ 25ರಿಂದ 45 ಮಿಲಿಮೀಟರಿನಷ್ಟು ಜೋತಿರಬೇಕು. ಆ ಜೋಲು ತಪ್ಪಿದರೆ ಕಾರು ಹೊರಡುವಾಗ ನಡುಗುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಹೋಗಿ, ಹೊಸದನ್ನು ಪಕ್ಕದಲ್ಲಿಟ್ಟು, ಅಗಲ, ಎತ್ತರ, ಹಲ್ಲುಗಳ ಎಣಿಕೆ ಇಷ್ಟನ್ನೂ ಹೋಲಿಸಿ ತರುವುದೇ ಕ್ಷೇಮ.

ಪ್ರಾಣಕ್ಕಿಂತ ಕಾರು ದೊಡ್ಡದಲ್ಲ

ಕೊನೆಯದಾಗಿ, ಯಾವ ಕಾರಣಕ್ಕೂ ಮರೆಯಬಾರದ ಮಾತು. ಜಾಕಿನ ಮೇಲೊಂದೇ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಟೊಳ್ಳಾದ ಸಿಮೆಂಟಿನ ಇಟ್ಟಿಗೆಗಳು ಎಚ್ಚರಿಕೆ ಕೊಡದೆ ಪುಡಿಯಾಗುತ್ತವೆ, ಅವನ್ನು ನಂಬಬಾರದು. ಉಕ್ಕಿನ ಸ್ಟ್ಯಾಂಡುಗಳನ್ನೇ ಇಟ್ಟು, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟಿರಬೇಕು. ತೂಗುವ ಎಂಜಿನಿಗೂ ಗೇರ್ ಬಾಕ್ಸಿಗೂ ನಡುವೆ ಬೆರಳಿಡುವಾಗ ಸರಪಳಿ ಹಿಡಿದವನಿಗೆ ಹೇಳಿಯೇ ಇಡಬೇಕು. ಹಳೆಯ ಕ್ಲಚ್ ಪ್ಲೇಟುಗಳ ಲೈನಿಂಗಿನಲ್ಲಿ ಕಲ್ನಾರು ಸೇರಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರಿಗೆ ಕಾರಣವಾಗುತ್ತದೆಂಬುದು ಸಿದ್ಧವಾದ ಸಂಗತಿ. ಆ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸುಡಬೇಕು. ಮಕ್ಕಳನ್ನು ಆ ಹೊತ್ತಿನಲ್ಲಿ ದೂರವಿಡಬೇಕು.

ಎಂಜಿನ್ ತನ್ನ ಶಕ್ತಿಯನ್ನು ಘರ್ಜಿಸಿ ತೋರಿಸುತ್ತದೆ, ಬ್ರೇಕು ತನ್ನ ಮಹತ್ತ್ವವನ್ನು ಆಪತ್ತಿನಲ್ಲಿ ತೋರಿಸುತ್ತದೆ. ಕ್ಲಚ್ಚಾದರೋ ಸರಿಯಾಗಿರುವವರೆಗೆ ಯಾರ ನೆನಪಿಗೂ ಬಾರದ ಸಾಧು ಜೀವ. ಅದು ಮುನಿದಾಗ ಬೇಕಾದುದು ಸುತ್ತಿಗೆಯಲ್ಲ, ಕ್ರಮ. ಮೊದಲು ಲಿವರು, ಬಳಿಕ ಕೇಬಲ್ಲು ಅಥವಾ ದ್ರವ, ಆಮೇಲೆ ಎಂಜಿನಿನ ವೇಗ ಮತ್ತು ಮೌಂಟು, ಇವೆಲ್ಲವೂ ನಿರ್ದೋಷಿಗಳೆಂದು ಸಿದ್ಧವಾದ ಮೇಲೆ ಮಾತ್ರ ಸರಪಳಿ ಮತ್ತು ಜಾಕು. ಈ ಕ್ರಮವನ್ನು ಅನುಸರಿಸಿದವನ ಎಂಜಿನನ್ನೂ ಒಮ್ಮೊಮ್ಮೆ ಮತ್ತೆ ಇಳಿಸಬೇಕಾಗಿ ಬರಬಹುದು. ಆದರೆ ಆಗ ಅವನಿಗೆ ಏನನ್ನು ಹುಡುಕುತ್ತಿದ್ದೇನೆಂಬುದು ತಿಳಿದಿರುತ್ತದೆ. ಕೂಲಿಯ ಹಣ ವ್ಯರ್ಥವಾಯಿತೆಂಬ ಕೊರಗಿರುವುದಿಲ್ಲ. ಮೆಕ್ಯಾನಿಕ್ಕಿನ ಮುಖವನ್ನು ಮರುದಿನ ನೋಡಲು ಸಂಕೋಚವೂ ಇರುವುದಿಲ್ಲ.